ಬೇಸಿಗೆ ಶಿಬಿರಕ್ಕೊಂದು ಮಾಯಾಶಾಲೆ: ಯಾವ ಪಾಠ, ಯಾವ ಆಟ, ಎಷ್ಟು ಸಾಮಾನು?

ತೋಟದಂಚು:
ತೀರ್ಥಹಳ್ಳಿ ಸೀಮೆಯಲ್ಲಿ ಏಪ್ರಿಲ್ ಕೊನೆಗೆ ಎಂಟು ದಿನದ ಮಕ್ಕಳ ಶಿಬಿರ ಇದೆ. 9ರಿಂದ 13 ವರ್ಷದ ನಲವತ್ತು ಮಕ್ಕಳು. ಈ ವರ್ಷ ಇಡೀ ಶಿಬಿರವೇ ಒಂದು ಕಲ್ಪನೆಯ ಮಾಯಾಶಾಲೆ ಎಂದು ತೀರ್ಮಾನವಾಗಿದೆ. ಶಾಲೆಗೆ ತುಂಗಾ, ಭದ್ರಾ, ಶರಾವತಿ, ವರದಾ ಎಂದು ನಾಲ್ಕು ಬಳಗ. ಪಾಠಗಳು ಸದ್ಯಕ್ಕೆ ಹೀಗೆ: ರಸವಿದ್ಯೆ, ಶಾಯಿ, ಕಣ್ಕಟ್ಟು, ನೆರಳು ಮತ್ತು ನಕ್ಷತ್ರ, ಮಂತ್ರಲಿಪಿ, ರೇಖಾವಿದ್ಯೆ, ಸಸ್ಯವಿದ್ಯೆ. ಸಂಜೆಗೆ ಆಟ. ಷರತ್ತು ಎರಡೇ. ಮಗು ತನ್ನ ಕೈಯಿಂದಲೇ ಮಾಡಬೇಕು. ಮನೆಗೆ ಹೋದ ಮೇಲೆ ಅಡುಗೆಮನೆ, ತೋಟ, ಗ್ರಂಥಿಗೆ ಅಂಗಡಿಯಲ್ಲಿ ಸಿಗುವುದರಿಂದಲೇ ಮತ್ತೊಮ್ಮೆ ಮಾಡಿ ತೋರಿಸಲು ಬರಬೇಕು. ಅಳತೆ ಸಮೇತ ಹೇಳಿ. ಎಲ್ಲಿ ಕೆಡುತ್ತದೆ ಅನ್ನುವುದನ್ನೂ ಹೇಳಿ. ಬರೀ ‘ಚೆನ್ನಾಗಿರುತ್ತೆ’ ಅಂದರೆ ಸಾಮಾನಿನ ಪಟ್ಟಿ ಬರೆಯಲಾಗುವುದಿಲ್ಲ.

ಒಗರು:
ಮೊದಲ ದಿನ ಬಳಗ ಹಂಚುವ ಕೆಲಸವನ್ನೇ ರಸವಿದ್ಯೆಗೆ ಬಿಟ್ಟುಬಿಡಿ. ಚೀಟಿ ಎತ್ತಿಸುವುದು ಬೇಡ. ಶಂಖಪುಷ್ಪದ ನೀಲಿ ನೀರನ್ನು ಮಗು ತನ್ನ ಲೋಟಕ್ಕೆ ಹೊಯ್ದಾಗ ಯಾವ ಬಣ್ಣ ಬರುತ್ತದೋ ಅದೇ ಬಳಗ.

ನೂರು ಮಿಲಿ ನೀರಿಗೆ ನಾಲ್ಕೈದು ಹೂ ಬೇಕು. ನಲವತ್ತು ಲೋಟಕ್ಕೆ ನಾಲ್ಕು ಲೀಟರ್, ಅಂದರೆ 160ರಿಂದ 200 ಹೂ. ಒಂದೇ ದಿನ ಅಷ್ಟು ಸಿಗುವುದಿಲ್ಲ. ಹದಿನೈದು ದಿನ ಮೊದಲೇ ಬಿಡಿಸಿ ನೆರಳಲ್ಲಿ ಒಣಗಿಸಿಡಿ, ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ, ಹೂ ಹಾಕಿ, ಹತ್ತು ನಿಮಿಷ ಮುಚ್ಚಿಟ್ಟು ಸೋಸಿ.

ಬಿಳಿ ಕಾಗದದ ಲೋಟವೇ ಆಗಬೇಕು, ಸ್ಟೀಲಿನಲ್ಲಿ ಬಣ್ಣ ಸರಿಯಾಗಿ ಕಾಣದು. ತುಂಗೆಯ ಹತ್ತು ಲೋಟ ಖಾಲಿ ಇರಲಿ, ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಶರಾವತಿಯ ಲೋಟಕ್ಕೆ ಕಾಲು ಚಮಚ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ನಾಲ್ಕು ಹನಿ ನೀರಲ್ಲಿ ಕದಡಿ ತಳಕ್ಕೆ ಸವರಿ ಒಣಗಿಸಿ, ಗುಲಾಬಿ ಬರುತ್ತದೆ. ಭದ್ರೆಗೆ ಅದರ ಹತ್ತರಲ್ಲೊಂದು ಪಾಲು, ಅಂದರೆ ಚಿಟಿಕೆಗೂ ಕಡಿಮೆ; ಅದು ನೇರಳೆ. ವರದೆಗೆ ಕಾಲು ಚಮಚ ವಾಷಿಂಗ್ ಸೋಡಾ, ಹಸಿರು. ಅಡುಗೆ ಸೋಡಾ ಹಾಕಿದರೆ ನೀಲಿಗೂ ಹಸಿರಿಗೂ ನಡುವೆ ಎಲ್ಲೋ ನಿಂತು, ತುಂಗೆಯವರಿಗೂ ವರದೆಯವರಿಗೂ ಜಗಳ ಹತ್ತುತ್ತದೆ. ವಾಷಿಂಗ್ ಸೋಡಾ ಇರುವುದರಿಂದ ಯಾರೂ ಕುಡಿಯಕೂಡದು. ಇದನ್ನು ಮಕ್ಕಳ ಕೈಗೆ ಲೋಟ ಕೊಡುವ ಮೊದಲೇ ಹೇಳಬೇಕು, ಕೊಟ್ಟ ಮೇಲಲ್ಲ.

ಹಸಿರು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕ್ಷಾರದಲ್ಲಿ ಹೂವಿನ ಬಣ್ಣ ಒಡೆದು ಹಳದಿಗೆ ತಿರುಗುತ್ತದೆ. ಹೊಯ್ದ ಕೂಡಲೇ ಹೆಸರು ಬರೆದುಕೊಳ್ಳಿ.

ಕೂಡ್ಲಿ ಸಂಗಮ:
ಒಗರು ಅವರು ಹೇಳಿದ್ದು ಸರಿ, ಆದರೆ ನೀರಿನ ವಿಚಾರ ಬಿಟ್ಟಿದ್ದಾರೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಅದರಲ್ಲಿರುವ ಕ್ಷಾರವೇ ಆ ಚಿಟಿಕೆ ಹುಳಿಯನ್ನು ತಿಂದುಹಾಕುತ್ತದೆ, ಭದ್ರೆಯ ನೇರಳೆ ಬರುವುದೇ ಇಲ್ಲ. ಬಾವಿ ನೀರು ಬಳಸಿ. ಹಿಂದಿನ ದಿನ ಅದೇ ನೀರು, ಅದೇ ಲೋಟ, ಅದೇ ಅಳತೆಯಲ್ಲಿ ನಾಲ್ಕೂ ಬಣ್ಣ ಒಮ್ಮೆ ನೋಡಿಕೊಳ್ಳಿ. ಇನ್ನೊಂದು, ಬಳಗ ಹಂಚುವುದನ್ನು ಬೆಳಗ್ಗೆ ಅಂಗಳದಲ್ಲಿ ಮಾಡಿ. ಸಂಜೆ ಹಳದಿ ಬಲ್ಬಿನ ಕೆಳಗೆ ನೇರಳೆ, ಗುಲಾಬಿ ಎರಡೂ ಒಂದೇ ಥರ ಕಾಣುತ್ತವೆ.

ಒಗರು:
ನೀರಿನ ಮಾತು ಒಪ್ಪಿದೆ. ರಸವಿದ್ಯೆಯ ಎರಡನೇ ಪಾಠಕ್ಕೆ ಓಕುಳಿ ಸಾಕು. ಆರತಿ ತಟ್ಟೆಯ ಕೆಂಪು ನೀರನ್ನು ಮಕ್ಕಳು ಹುಟ್ಟಿದಾಗಿನಿಂದ ನೋಡಿರುತ್ತಾರೆ, ಅದು ಹೇಗೆ ಕೆಂಪಾಯಿತು ಎಂದು ಕೇಳಿರುವುದಿಲ್ಲ. ಒಂದು ಚೊಂಬು ನೀರಿಗೆ ಅರ್ಧ ಚಮಚ ಅರಿಶಿನ, ಕಡಲೆಬೇಳೆ ಗಾತ್ರದ ಸುಣ್ಣ. ಕೆಂಪಾದ ನೀರಿಗೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಡಬ್ಬಿ ತೆರೆದಿಟ್ಟು ಹಳತಾದ ಸುಣ್ಣ ಗಾಳಿಗೆ ಸತ್ವ ಕಳೆದುಕೊಂಡಿರುತ್ತದೆ, ಕೆಂಪು ಏರುವುದಿಲ್ಲ. ಎಲೆ ಅಡಿಕೆ ಹಾಕುವವರ ಡಬ್ಬಿಯ ಹೊಸ ಸುಣ್ಣ ತನ್ನಿ. ಸುಣ್ಣವನ್ನು ದೊಡ್ಡವರೇ ಕಡ್ಡಿ ತುದಿಯಲ್ಲಿ ಹಾಕಲಿ. ಕಣ್ಣಿಗೆ ಬಿದ್ದರೆ ಉಜ್ಜಬಾರದು, ಧಾರೆಯಾಗಿ ನೀರು ಬಿಟ್ಟು ಇಪ್ಪತ್ತು ನಿಮಿಷ ತೊಳೆದು ನೇರ ಡಾಕ್ಟರ ಹತ್ತಿರ ಹೋಗಬೇಕು.

ಮುರುಗಲ (ಕೋಕಂ) ಹಣ್ಣಿನ ಸಿಪ್ಪೆಯ ನೀರು ಆಗಲೇ ಹುಳಿ, ಆಗಲೇ ಕೆಂಪು. ಅದಕ್ಕೆ ಅಡುಗೆ ಸೋಡಾ ಹಾಕಿದರೆ ನೊರೆ ಉಕ್ಕಿ ಬಣ್ಣ ಕಪ್ಪಿಡುತ್ತದೆ. ಉಕ್ಕುವುದು ಮಕ್ಕಳಿಗೆ ಇಷ್ಟ. ಅಗಲದ ಬೇಸನ್ನಿನಲ್ಲಿ ಮಾಡಿಸಿ.

ಈಗ ಶಾಯಿ. ನನ್ನ ಮಟ್ಟಿಗೆ ಇಡೀ ಶಾಲೆಯಲ್ಲಿ ಅತ್ಯಂತ ಒಳ್ಳೆಯ ಪಾಠ ಇದು, ದಯವಿಟ್ಟು ಕೈಬಿಡಬೇಡಿ. ಅಳಲೆಕಾಯಿ ಸಿಪ್ಪೆಯ ಪುಡಿ 25 ಗ್ರಾಂ, ನೀರು 250 ಮಿಲಿ. ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಿ, ಕಾಫಿ ಸೋಸುವ ಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಪಾತ್ರೆ ಬೇಡ, ಕಷಾಯ ಒಲೆಯ ಮೇಲೇ ಕಪ್ಪಾಗುತ್ತದೆ. ಇನ್ನೊಂದು ಬಾಟಲಿಯಲ್ಲಿ 5 ಗ್ರಾಂ ಅನ್ನಭೇದಿಯನ್ನು (ಕಬ್ಬಿಣದ ಉಪ್ಪು, ಫೆರಸ್ ಸಲ್ಫೇಟ್) 50 ಮಿಲಿ ನೀರಲ್ಲಿ ಕರಗಿಸಿಕೊಳ್ಳಿ. ಎರಡೂ ಕೂಡಿದಾಗ ಕಪ್ಪು, ಅದಕ್ಕೆ ರಾತ್ರಿ ನೆನೆಸಿದ 5 ಗ್ರಾಂ ಜಾಲಿ ಅಂಟು ಸೇರಿದರೆ ಬರೆಯುವ ಶಾಯಿ. ಬರೆದಾಗ ಕಂದು ಕಂದಾಗಿದ್ದ ಅಕ್ಷರ ಮರುದಿನ ಕಾಡಿಗೆಯಂತೆ ಆಗಿರುತ್ತದೆ, ಗಾಳಿ ಸೋಕಿದಷ್ಟೂ ಕಪ್ಪೇರುವ ಶಾಯಿ ಇದು.

ಮಾಯೆ ಬೇಕಿದ್ದರೆ ಎರಡನ್ನೂ ಕೂಡಿಸಬೇಡಿ. ಅನ್ನಭೇದಿ ನೀರನ್ನು ಇನ್ನೂ ಮೂರು ಪಾಲು ನೀರು ಬೆರೆಸಿ ತೆಳು ಮಾಡಿ, ಹಂಚಿಕಡ್ಡಿಯಲ್ಲಿ ಬರೆಸಿ, ಒಣಗಿಸಿ. ಏನೂ ಕಾಣುವುದಿಲ್ಲ. ಮೇಲೆ ಹತ್ತಿಯಲ್ಲಿ ಅಳಲೆ ಕಷಾಯ ಸವರಿದರೆ ಅಕ್ಷರ ಕಪ್ಪಾಗಿ ಏಳುತ್ತದೆ. ಅವತ್ತೇ ಓದಿಸಬೇಕು, ಎರಡು ಮೂರು ದಿನ ಇಟ್ಟರೆ ಕಬ್ಬಿಣ ತುಕ್ಕು ಹಿಡಿದು ಹಳದಿ ಗೆರೆ ಕಂಡು ಗುಟ್ಟು ಬಯಲಾಗುತ್ತದೆ. ಅನ್ನಭೇದಿ ಹೊಟ್ಟೆಗೆ ಹೋದರೆ ಮಕ್ಕಳಿಗೆ ವಿಷ. ತೂಗುವುದು, ಕರಗಿಸುವುದು ದೊಡ್ಡವರ ಕೆಲಸ, ಮಗುವಿನ ಮುಂದೆ ಒಂದು ಚಮಚ ತೆಳು ನೀರು ಮಾತ್ರ. ಬಿಳಿ ಅಂಗಿ ಹಾಕಿಕೊಂಡು ಬರಬೇಡಿ ಎಂದು ಹಿಂದಿನ ದಿನವೇ ಹೇಳಿ.

ತೋಟದಂಚು:
ಅಳಲೆ ಬದಲು ನಮ್ಮಲ್ಲೇ ಇರುವ ಅಡಿಕೆ ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಆಗುವುದಿಲ್ಲವೇ? ಕೊಯ್ಲಿನಲ್ಲಿ ಎತ್ತಿಟ್ಟದ್ದು ಡಬ್ಬಿಗಟ್ಟಲೆ ಇದೆ.

ಒಗರು:
ಆಗುತ್ತದೆ, ಆದರೆ ಅದರಲ್ಲಿರುವ ಒಗರು (ಟ್ಯಾನಿನ್) ಬೇರೆ ಜಾತಿಯದು. ಅನ್ನಭೇದಿ ಜೊತೆ ಹಸಿರುಗಪ್ಪು ಬರುತ್ತದೆ, ಅಚ್ಚ ಕಪ್ಪಲ್ಲ. ಗಟ್ಟಿ ಚೊಗರನ್ನು ಹತ್ತು ಪಾಲು ಬಿಸಿನೀರಲ್ಲಿ ಕದಡಿ ಸೋಸಿಕೊಳ್ಳಿ, ಇಲ್ಲದಿದ್ದರೆ ಅಂಟಂಟಾಗಿ ಕಡ್ಡಿ ಓಡುವುದಿಲ್ಲ. ಎರಡೂ ಶಾಯಿ ಪಕ್ಕಪಕ್ಕ ಇಟ್ಟು ಮಕ್ಕಳಿಗೇ ವ್ಯತ್ಯಾಸ ಕೇಳಿ.

ಗಾಜಿನ ಹಿಂದೆ:
ಕಣ್ಕಟ್ಟಿನ ಪಾಠಕ್ಕೆ ಇಸ್ಪೀಟು, ಕರವಸ್ತ್ರ, ಮೊಲ ಯಾವುದೂ ಬೇಡ. ನೀರಿನೊಳಗೆ ಉರಿಯುವ ಮೇಣದಬತ್ತಿ ಮಾಡಿಸಿ. ಕಿಟಕಿಗೆ ಹಾಕುವ ಗಾಜು, 30 ಸೆಂಟಿಮೀಟರ್‌ಗೆ 40, ದಪ್ಪ 3 ಮಿಲಿಮೀಟರ್. ಅಂಗಡಿಯಲ್ಲೇ ಅಂಚು ಉಜ್ಜಿಸಿ, ಸುತ್ತ ಇನ್ಸುಲೇಶನ್ ಟೇಪು ಸುತ್ತಿ. ಎರಡು ಇಟ್ಟಿಗೆಗಳ ನಡುವೆ ನೆಟ್ಟಗೆ ನಿಲ್ಲಿಸಿ. ಗಾಜಿನ ಈಚೆ ಸರಿಯಾಗಿ 20 ಸೆಂಟಿಮೀಟರ್ ದೂರದಲ್ಲಿ ಮೇಣದಬತ್ತಿ, ಆಚೆ ಸರಿಯಾಗಿ 20 ಸೆಂಟಿಮೀಟರ್‌ನಲ್ಲಿ ನೀರು ತುಂಬಿದ ಗಾಜಿನ ಲೋಟ. ಲೋಟದ ಹಿಂದೆ ಕಪ್ಪು ಬಟ್ಟೆ. ನೋಡುವವರಿಗೆ ನಿಜವಾದ ಬತ್ತಿ ಕಾಣದಂತೆ ಅದರ ಮುಂದೆ ರಟ್ಟು. ಈಗ ರಟ್ಟಿನ ಮೇಲಿಂದ ನೋಡಿದರೆ ನೀರಿನ ನಟ್ಟನಡುವೆ ಜ್ವಾಲೆ ಅಲ್ಲಾಡುತ್ತಿರುತ್ತದೆ.

ಕೆಡುವುದು ಮೂರು ಕಡೆ. ಜ್ವಾಲೆ ಎರಡೆರಡು ಕಂಡರೆ ಗಾಜು ದಪ್ಪ ಅಂತ ಅರ್ಥ: ಮುಂದಿನ ಮೈ, ಹಿಂದಿನ ಮೈ ಎರಡೂ ಬೇರೆ ಬೇರೆ ಬಿಂಬ ಕೊಡುತ್ತವೆ. ಜ್ವಾಲೆ ಲೋಟದಿಂದ ಪಕ್ಕಕ್ಕೆ ಜಾರಿದರೆ ಗಾಜು ವಾಲಿದೆ. ಲೋಟವೇ ಕಾಣದಿದ್ದರೆ ಕೋಣೆ ತೀರಾ ಕತ್ತಲೆ, ಒಂದು ಕಿಟಕಿ ಸ್ವಲ್ಪ ತೆರೆಯಿರಿ. ನೋಡಿದ ಮೇಲೆ ಗುಟ್ಟನ್ನು ಮಕ್ಕಳಿಂದಲೇ ಬಿಡಿಸಿ: ಲೋಟವನ್ನು ಐದು ಸೆಂಟಿಮೀಟರ್ ಹಿಂದೆ ಸರಿಸಿ, ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಲು ಹೇಳಿ. ಜ್ವಾಲೆ ಲೋಟ ಬಿಟ್ಟು ಆಚೆ ಈಚೆ ಓಡಾಡುತ್ತದೆ. ಮತ್ತೆ ಅಳತೆಪಟ್ಟಿ ಹಿಡಿದು ಎರಡೂ ಕಡೆ ದೂರ ಸಮ ಮಾಡಿದಾಗ ಮಾತ್ರ ಕಚ್ಚಿಕೊಂಡು ನಿಲ್ಲುತ್ತದೆ. ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ 1862ರಲ್ಲಿ ರಂಗದ ಮೇಲೆ ದೆವ್ವ ತರಿಸಿದ್ದು ಇದೇ ಲೆಕ್ಕದಲ್ಲಿ. ಅಲ್ಲಿ ಗಾಜು ದೊಡ್ಡದು, ನಟ ಕೆಳಗೆ ಅಡಗಿರುತ್ತಿದ್ದ ಅಷ್ಟೇ.

ಒಂದು ವಿನಂತಿ. ಯಕ್ಷಗಾನದ ರಾಕ್ಷಸ ಪ್ರವೇಶದಂತೆ ದೊಂದಿಗೆ ರಾಳದ ಪುಡಿ ಎಸೆದು ಬೆಂಕಿ ಎಬ್ಬಿಸುವ ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ನಿಲ್ಲಿಸಿ. ಗಾಳಿಯಲ್ಲಿ ಹರಡಿದ ನುಣ್ಣನೆ ಪುಡಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಅದು ಪಳಗಿದ ಕೈಗಳ ಕೆಲಸ, ಶಿಬಿರದ್ದಲ್ಲ.

ಕಾನುದಾರಿ:
ಬೆಂಕಿ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ತಾನೇ ಹೊತ್ತಿಕೊಳ್ಳುವ ಹೋಮ (ಪೊಟ್ಯಾಸಿಯಂ ಪರ್ಮಾಂಗನೇಟ್, ಗ್ಲಿಸರಿನ್), ಅಂಗೈ ಮೇಲೆ ಕರ್ಪೂರ, ಎರಡನ್ನೂ ಪಟ್ಟಿಯಿಂದ ಹೊರಗಿಡಿ. ಮನೆಗೆ ಹೋಗಿ ಮತ್ತೆ ಮಾಡಬೇಕು ಎಂಬ ನಿಮ್ಮ ಷರತ್ತೇ ಅಲ್ಲಿ ಅಪಾಯ.

ಆಮಂತ್ರಣ ಪತ್ರದಲ್ಲಿ ಪದ ನೋಡಿಕೊಂಡು ಬಳಸಿ. ‘ಮಾಟ’, ‘ವಶ’, ‘ಯಂತ್ರ ಕಟ್ಟುವುದು’ ಇವು ನಮ್ಮೂರ ಕಡೆ ಆಟದ ಮಾತಲ್ಲ. ಅದರ ಹೆಸರಲ್ಲಿ ಹೆದರಿಸಿ ದುಡ್ಡು ಕೀಳುವವರು ಇದ್ದಾರೆ, ವಾಮಾಚಾರದ ವಿರುದ್ಧ ರಾಜ್ಯ 2017ರಲ್ಲಿ ಕಾನೂನನ್ನೇ ತಂದಿದೆ. ‘ಕಣ್ಕಟ್ಟು’, ‘ಇಂದ್ರಜಾಲ’, ‘ಜಾದೂ’ ಇವಕ್ಕೆ ಯಾರೂ ಬೆಚ್ಚುವುದಿಲ್ಲ. ಮತ್ತು ಪ್ರತಿ ಪಾಠದ ಕೊನೆಗೂ ಗುಟ್ಟು ಹೇಳಲೇಬೇಕು. ಹೇಳದೆ ಕಳಿಸಿದ ಮಗು ಊರಿಗೆ ಹೋಗಿ ಅದನ್ನೇ ಪವಾಡ ಎಂದು ಹೇಳುತ್ತದೆ.

ಸಸ್ಯವಿದ್ಯೆಗೆ ಮೂರು ಗಿಡ ಸಾಕು. ಮುಟ್ಟಿದರೆ ಮುನಿ: ಎಲೆ ಮಡಚಿ ಮತ್ತೆ ಬಿಚ್ಚಲು ಎಷ್ಟು ನಿಮಿಷ ಎಂದು ಗಡಿಯಾರ ಹಿಡಿದು ಬರೆಸಿ. ನೆರಳಿನ ಗಿಡ, ಬಿಸಿಲಿನ ಗಿಡ ಬೇರೆ ಬೇರೆ ಲೆಕ್ಕ ಕೊಡುತ್ತವೆ. ಚಟಪಟ ಕಾಯಿ: ಒಣಗಿದ ಕಾಯಿಯನ್ನು ನೀರಲ್ಲಿ ಅದ್ದಿ ಅಂಗೈಯಲ್ಲಿಟ್ಟರೆ ಕೆಲವೇ ಕ್ಷಣದಲ್ಲಿ ಸಿಡಿಯುತ್ತದೆ, ಹಸಿ ಕಾಯಿ ಸಿಡಿಯದು. ಮೂರನೆಯದು ರಾತ್ರಿಯ ಪಾಠ. ಒಂದು ಹಿಡಿ ನುಗ್ಗೆ ಸೊಪ್ಪನ್ನು ಜಜ್ಜಿ 50 ಮಿಲಿ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹತ್ತು ನಿಮಿಷ ಬಿಟ್ಟು ಸೋಸಿ. ಗಾಜಿನ ಸೀಸೆಯಲ್ಲಿ ಕಡು ಹಸಿರು. ಕತ್ತಲೆಯಲ್ಲಿ, ನೋಟು ಪರೀಕ್ಷಿಸುವ ನೇರಳೆ ಟಾರ್ಚನ್ನು ಪಕ್ಕದಿಂದ ಹಿಡಿದರೆ ರಕ್ತಗೆಂಪು. ನೀರಲ್ಲಿ ಜಜ್ಜಿದರೆ ಕೆಂಪು ಬರುವುದಿಲ್ಲ, ಎಲೆಯ ಹಸಿರು ನೀರಲ್ಲಿ ಕರಗದು. ಬೆಳಗ್ಗೆಯೇ ಮಾಡಿ ಬಿಸಿಲಲ್ಲಿಟ್ಟರೂ ಕೆಡುತ್ತದೆ. ಸ್ಪಿರಿಟ್ ಇರುವ ಕೋಣೆಯಲ್ಲಿ ದೀಪ, ಬತ್ತಿ ಬೇಡ. ಟಾರ್ಚ್ ಯಾರ ಕಣ್ಣಿಗೂ ಹಿಡಿಯಬಾರದು.

ಮುಟ್ಟಬಾರದ ಗಿಡಗಳನ್ನು ಮೊದಲ ದಿನವೇ ತೋರಿಸಿಬಿಡಿ. ನಸುಗುನ್ನಿ ಕಾಯಿಯ ರೋಮ ತಾಗಿದರೆ ತುರಿಕೆ. ಹೊಳಗೇರಿನ ಸೊನೆ ತಾಗಿದರೆ ಮೈ ಸುಟ್ಟಂತೆ ಬೊಬ್ಬೆ. ಗುಲಗಂಜಿ, ಉಮ್ಮತ್ತಿ, ಕಾಸರಕ ಮೂರೂ ಬಾಯಿಗೆ ಹೋಗಕೂಡದು. ಗುಲಗಂಜಿ ನೋಡಲು ಚಂದ, ಅದಕ್ಕೇ ಹೆಚ್ಚು ಎಚ್ಚರ.

ಕೋಲುನೆರಳು:
ಏಪ್ರಿಲ್ ಕೊನೆಯ ವಾರ ಎಂದಿರಿ. ನಿಮ್ಮ ಶಾಲೆಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವುದಿಲ್ಲ, ಏಕೆಂದರೆ ಅದೇ ವಾರ ನಿಮ್ಮೂರಲ್ಲಿ ನೆರಳು ಮಾಯವಾಗುತ್ತದೆ. ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ನಿಲ್ಲುವುದು ತೀರ್ಥಹಳ್ಳಿಯಲ್ಲಿ ಏಪ್ರಿಲ್ 26 ಅಥವಾ 27, ಶಿವಮೊಗ್ಗದಲ್ಲಿ 27ರ ಸುಮಾರು, ಸಾಗರದಲ್ಲಿ 28ರ ಸುಮಾರು. ಆಗಸ್ಟ್ ಮಧ್ಯದಲ್ಲಿ ಮತ್ತೊಮ್ಮೆ ಬರುತ್ತದೆ, ಆದರೆ ಆಗ ನಮ್ಮ ಕಡೆ ಬಿಸಿಲೆಲ್ಲಿ?

ಹೊತ್ತು ಹನ್ನೆರಡು ಗಂಟೆಯಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಮಲೆನಾಡು ಇರುವುದು 75ರ ಆಸುಪಾಸು. ಡಿಗ್ರಿಗೆ ನಾಲ್ಕು ನಿಮಿಷದಂತೆ ನಾವು ಅರ್ಧ ಗಂಟೆ ಹಿಂದೆ. ಹಾಗಾಗಿ ನೆರಳು ಮಾಯವಾಗುವುದು 12.25 ದಾಟಿ ಒಂದೆರಡು ನಿಮಿಷಕ್ಕೆ.

30 ಸೆಂಟಿಮೀಟರ್ ಉದ್ದದ ಪಿವಿಸಿ ಪೈಪನ್ನು ಮಟ್ಟಸವಾದ ಹಲಗೆಯ ಮೇಲೆ ನಿಲ್ಲಿಸಿ. ನೆಟ್ಟಗಿದೆಯೇ ಎಂದು ಕಣ್ಣಳತೆಯಲ್ಲಿ ನೋಡಿದರೆ ಸಾಲದು, ಗಾರೆಯವರ ತೂಕದ ಗುಂಡು ಇಳಿಬಿಟ್ಟು ನೋಡಿ. ಪೈಪು ಒಂದು ಡಿಗ್ರಿ ವಾಲಿದರೂ ಐದು ಮಿಲಿಮೀಟರ್ ಸುಳ್ಳು ನೆರಳು ಬರುತ್ತದೆ. ಅದೇ ಒಂದು ದಿನ ಆಚೀಚೆ ಆದರೆ ಬರುವ ನಿಜವಾದ ನೆರಳು ಎರಡು ಮಿಲಿಮೀಟರಿಗೂ ಕಡಿಮೆ. ಅಂದರೆ ತಾರೀಕಿಗಿಂತ ತೂಕದ ಗುಂಡಿನ ಮೇಲೆ ಹೆಚ್ಚು ಗಮನ ಇರಲಿ. 12.10ರಿಂದ 12.40ರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಬಳಪದ ಗುರುತು ಹಾಕಿಸಿ. ನೆರಳು ಪೈಪಿನ ಬುಡಕ್ಕೆ ಹೊಕ್ಕು, ಇನ್ನೊಂದು ಕಡೆಯಿಂದ ಹೊರಬರುವುದನ್ನು ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ. ಯಾರೂ ಸೂರ್ಯನ ಕಡೆ ಮುಖ ಎತ್ತಬಾರದು, ತಲೆಗೆ ಟೊಪ್ಪಿ ಬೇಕೇ ಬೇಕು.

ರಾತ್ರಿಗೆ: ಸಪ್ತರ್ಷಿ ಮಂಡಲದ ಮುಂದಿನ ಎರಡು ನಕ್ಷತ್ರಗಳ ಗೆರೆಯನ್ನು ಐದು ಪಟ್ಟು ಎಳೆದರೆ ಧ್ರುವ. ಕೈ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ. ನಿಮ್ಮೂರಿನ ಅಕ್ಷಾಂಶ ಹದಿಮೂರೂವರೆ ದಾಟಿದೆ, ಹಾಗಾಗಿ ಧ್ರುವ ಬಡಗಣ ದಿಗಂತದಿಂದ ಒಂದೂವರೆ ಮುಷ್ಟಿಯೊಳಗೇ ಸಿಗುತ್ತದೆ. ಹತ್ತೂವರೆ ಸುಮಾರಿಗೆ ತೆಂಕಣಕ್ಕೆ ತಿರುಗಿ, ಅಲ್ಲೂ ಒಂದೂವರೆ ಮುಷ್ಟಿ ಎತ್ತರದಲ್ಲಿ ತ್ರಿಶಂಕು ನಕ್ಷತ್ರಪುಂಜ. ವಿಶ್ವಾಮಿತ್ರ ಕಟ್ಟಿದ ಸ್ವರ್ಗದ ಕತೆಯನ್ನು ಆ ನಕ್ಷತ್ರ ತೋರಿಸುತ್ತಲೇ ಹೇಳಿ. ತೋಟದೊಳಗಿಂದ ಎರಡೂ ಕಾಣುವುದಿಲ್ಲ. ಕೊಯ್ಲಾದ ಗದ್ದೆ ಬಯಲಿಗೆ ಕರೆದೊಯ್ಯಿರಿ.

ಅಕ್ಷರಸಂಖ್ಯೆ:
ಮಂತ್ರಲಿಪಿಗೆ ಸುಮ್ಮನೆ ಅರ್ಥವಿಲ್ಲದ ಶಬ್ದ ಹುಟ್ಟಿಸಬೇಡಿ. ಅಕ್ಷರದಲ್ಲಿ ಅಂಕಿ ಅಡಗಿಸುವ ಹಳೆಯ ಪದ್ಧತಿ ಕಟಪಯಾದಿ ಇದೆಯಲ್ಲ! ಕದಿಂದ ಝವರೆಗೆ 1ರಿಂದ 9, ಞ ಸೊನ್ನೆ. ಟದಿಂದ ಧವರೆಗೆ 1ರಿಂದ 9, ನ ಸೊನ್ನೆ. ಪದಿಂದ ಮವರೆಗೆ 1ರಿಂದ 5. ಯ ರ ಲ ವ ಶ ಷ ಸ ಹ 1ರಿಂದ 8. ಒತ್ತಕ್ಷರದಲ್ಲಿ ಕೊನೆಯ ವ್ಯಂಜನಕ್ಕೆ ಮಾತ್ರ ಲೆಕ್ಕ, ಅನುಸ್ವಾರಕ್ಕೆ ಲೆಕ್ಕವಿಲ್ಲ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು.

ನಿಮ್ಮ ಬಳಗಗಳನ್ನೇ ತೆಗೆದುಕೊಳ್ಳಿ. ತುಂಗಾ: ತ 6, ಗ 3, ತಿರುಗಿಸಿದರೆ 36. ಭದ್ರಾ: ಭ 4, ರ 2, ಆದ್ದರಿಂದ 24. ವರದಾ 824. ಶರಾವತಿ 6425. ಈಗ ನಿಮ್ಮ ಶಾಲೆಯ ಹೆಸರು ನೋಡಿ. ಮಾಯಾ: ಮ 5, ಯ 1. ತಿರುಗಿಸಿದರೆ 15. ಕರ್ನಾಟಕ ಸಂಗೀತದ ಪಾಠ ಶುರುವಾಗುವ ಮಾಯಾಮಾಳವಗೌಳ ರಾಗ ಹದಿನೈದನೇ ಮೇಳ (ಮೂಲರಾಗ) ಎನ್ನುವುದು ಅದರ ಹೆಸರಲ್ಲೇ ಕೂತಿರುವುದು ಹೀಗೆ.

ಇನ್ನೂ ಇದೆ. 1ರಿಂದ 9ರವರೆಗಿನ ಅಂಕಿ ತುಂಬಿದ ಒಂಬತ್ತು ಮನೆಯ ಮಾಯಾಚೌಕದಲ್ಲಿ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿದರೂ ಬರುವುದು ಅದೇ 15. ತುಂಬುವ ಕ್ರಮ: ಮೇಲಿನ ಸಾಲಿನ ನಡುಮನೆಗೆ 1. ಮುಂದಿನ ಅಂಕಿ ಒಂದು ಮನೆ ಮೇಲೆ, ಒಂದು ಮನೆ ಬಲಕ್ಕೆ. ಮೇಲೆ ಹೊರಬಿದ್ದರೆ ಅದೇ ಕಂಬದ ಕೆಳಮನೆಗೆ, ಬಲಕ್ಕೆ ಹೊರಬಿದ್ದರೆ ಅದೇ ಸಾಲಿನ ಎಡತುದಿಗೆ. ಮನೆ ತುಂಬಿದ್ದರೆ, ಅಥವಾ ಮೂಲೆಯಿಂದ ಹೊರಬಿದ್ದರೆ, ಈಗಿದ್ದ ಮನೆಯ ಕೆಳಕ್ಕೆ. 8, 1, 6. ಕೆಳಗೆ 3, 5, 7. ಕೆಳಗೆ 4, 9, 2. ಮಕ್ಕಳು ತಪ್ಪುವುದು 3ರಿಂದ 4ಕ್ಕೆ, 6ರಿಂದ 7ಕ್ಕೆ ಹೋಗುವಾಗ. ಅಲ್ಲಿ ಪಕ್ಕದಲ್ಲಿ ನಿಂತಿರಿ. ಅಂಗಳದಲ್ಲಿ ರಂಗೋಲಿಯಲ್ಲಿ ಚೌಕ ಬರೆದು, ಮಕ್ಕಳನ್ನೇ ಅಂಕಿ ಮಾಡಿ ನಿಲ್ಲಿಸಿದರೆ ಇನ್ನೂ ಬೇಗ ಹತ್ತುತ್ತದೆ.

ಕೊನೆಯ ದಿನಕ್ಕೆ ಮೂರಂಕಿಯ ನಂಬರ್ ಬೀಗ ಹಾಕಿದ ಪೆಟ್ಟಿಗೆ ಇಡಿ. ಬೀಗದ ಮಂತ್ರ ‘ನವಿಲು’. ನ 0, ವ 4, ಲ 3: 340ಕ್ಕೆ ತೆರೆಯಬೇಕು. ತಿರುಗಿಸಿ ಓದಲು ಮರೆತವರು 043 ಹಾಕುತ್ತಾರೆ. ಳ ಇರುವ ಪದ ಆರಿಸಬೇಡಿ, ಮೇಲಿನ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ಚೊಕ್ಕ ಪದ ಬೇಕಾದಷ್ಟಿವೆ: ಮರ 25, ಕಾಡು 31, ರವಿ 42.

ಒಗರು:
ಆ ‘ನವಿಲು’ ಪದವನ್ನು ಅನ್ನಭೇದಿಯಲ್ಲಿ ಬರೆದಿಟ್ಟರೆ ಎರಡು ಪಾಠ ಕೂಡಿದಂತಾಯಿತು. ಅವತ್ತು ಬೆಳಗ್ಗೆ ಬರೆದಿಡಿ, ಹಿಂದಿನ ದಿನ ಬೇಡ.

ಹಸೆಗೋಡೆ:
ರೇಖಾವಿದ್ಯೆ ಎಂದು ಹಸೆ ಚಿತ್ತಾರ ಇಟ್ಟುಕೊಳ್ಳುವುದಾದರೆ ಒಂದು ಮಾತು. ಅದು ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳ ಕೈಯಲ್ಲಿ ಉಳಿದುಬಂದ ಕಲೆ, ಮದುವೆಮನೆಯ ಗೋಡೆಯದು. ‘ಮಾಯಾ ಗುರುತು’ ಎಂದು ಹೆಸರು ಬದಲಿಸಬೇಡಿ. ಬರೆಯಬಲ್ಲ ಅಮ್ಮನವರೊಬ್ಬರನ್ನು ಕರೆಸಿ, ಅವರಿಗೆ ಉಳಿದ ಮೇಷ್ಟ್ರುಗಳಷ್ಟೇ ಸಂಭಾವನೆ ಕೊಡಿ.

ಸಾಮಾನು: ರಟ್ಟಿಗೆ ಬಳಿಯಲು ಸೋಸಿದ ಕೆಮ್ಮಣ್ಣು, ಅದಕ್ಕೆ ಸ್ವಲ್ಪ ಅಂಟು, ಇಲ್ಲದಿದ್ದರೆ ಒಣಗಿದ ಮೇಲೆ ಉದುರುತ್ತದೆ. ಬಿಳಿಗೆ 200 ಗ್ರಾಂ ಅಕ್ಕಿ ನಾಲ್ಕು ಗಂಟೆ ನೆನೆಸಿ ನುಣ್ಣಗೆ ರುಬ್ಬಿ, ನೀರುದೋಸೆ ಹಿಟ್ಟಿನ ಹದ. ತರಿ ಉಳಿದರೆ ಗೆರೆಯ ನಡುವೆ ಗಂಟು ಬೀಳುತ್ತದೆ. ಕುಂಚಕ್ಕೆ ಪುಂಡಿ ನಾರು, ತುದಿ ಜಜ್ಜಿದ್ದು. ಕಪ್ಪು ಬೇಕಿದ್ದರೆ ಅಕ್ಕಿಯನ್ನೇ ಸೀಯುವಷ್ಟು ಹುರಿದು ಅರೆಯಿರಿ.

ಕೂಡ್ಲಿ ಸಂಗಮ:
ಸಂಜೆ ಆಟದ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮ ತೋಟದಲ್ಲೇ ಹಾರುವ ಜಮಖಾನೆ ಬಿದ್ದಿರುತ್ತದೆ: ಅಡಿಕೆ ಹಾಳೆ. ಸೋಗೆ ಸಮೇತ ಬಿದ್ದದ್ದನ್ನು ತಂದು, ಎಲೆ ಸವರಿ ದಂಟು ಉಳಿಸಿಕೊಳ್ಳಿ. ಒಬ್ಬರು ಹಾಳೆಯ ಮೇಲೆ ಕೂತು ಅಂಚು ಹಿಡಿದುಕೊಳ್ಳುವುದು, ಇಬ್ಬರು ದಂಟು ಹಿಡಿದು ಎಳೆಯುವುದು. ಒಂದೆರಡು ದಿನದ ಹಿಂದೆ ಬಿದ್ದ ಹಾಳೆ ಒಳ್ಳೆಯದು, ಒಣಗಿದ್ದು ಸೀಳುತ್ತದೆ. ಎತ್ತುವ ಮೊದಲು ಕೋಲಿನಿಂದ ಮಗುಚಿ, ಅಡಿಯಲ್ಲಿ ಚೇಳು, ಇರುವೆ ಇರಬಹುದು. ಹುಲ್ಲಿನ ಮೇಲೆ ಎಳೆಯಿರಿ, ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ಹಾಳೆಯೂ ತೂತು, ಮೊಣಕಾಲೂ ತೂತು. ಅದೇ ಹಾಳೆಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ ಮಡಿಚಿ ಹೊಲಿದರೆ ಟೊಪ್ಪಿ. ಕೋಲುನೆರಳು ಅವರು ಕೇಳಿದ ಟೊಪ್ಪಿಯೂ ಆಯಿತು, ಶಾಲೆಯ ಸಮವಸ್ತ್ರವೂ ಆಯಿತು.

ತೋಟದಂಚು:
ಎಲ್ಲರಿಗೂ ವಂದನೆ. ವೇಳಾಪಟ್ಟಿ ತಿರುಗಿಸಿದ್ದೇನೆ. ಮೊದಲ ದಿನ ಬಳಗ ಮತ್ತು ಹಾಳೆ ಟೊಪ್ಪಿ, ಮೂರನೇ ದಿನ ಶಾಯಿ, 26 ಮತ್ತು 27 ಎರಡೂ ದಿನ ಮಧ್ಯಾಹ್ನ ಊಟ ಒಂದು ಗಂಟೆಗೆ. ಉಳಿದಿರುವ ಚಿಂತೆ ಒಂದೇ. ಆ ವಾರ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬಂದೇ ಬರುತ್ತದೆ. ನೆರಳಿನ ಹೊತ್ತಿಗೆ ಮೋಡ ಕವಿದರೆ?

ಕೋಲುನೆರಳು:
ನಮ್ಮ ಕಡೆ ಆ ಮಳೆ ಸಾಮಾನ್ಯವಾಗಿ ಮೂರು ಗಂಟೆಯ ಮೇಲೆ, ಹನ್ನೆರಡೂವರೆಗೆ ಬಿಸಿಲು ಸಿಗುವ ಸಂಭವವೇ ಹೆಚ್ಚು. ಆದರೂ 25ರಿಂದಲೇ ದಿನಾ ಗುರುತು ಹಾಕಿಸಲು ಶುರುಮಾಡಿ, ಒಂದೇ ಹಲಗೆ, ಒಂದೇ ಪೈಪು, ದಿನಕ್ಕೊಂದು ಬಣ್ಣದ ಬಳಪ. ಒಂದು ದಿನ ಮೋಡ ನುಂಗಿದರೂ ಆಚೀಚಿನ ಗುರುತು ನೋಡಿ ಸೂರ್ಯ ತಲೆಯ ಮೇಲೆ ತೆಂಕಣದಿಂದ ಬಡಗಣಕ್ಕೆ ದಾಟಿದ್ದನ್ನು ಮಕ್ಕಳೇ ಹೇಳುತ್ತಾರೆ. ಹಲಗೆಯನ್ನು ರಾತ್ರಿ ಜಗಲಿಗೆ ತರುವಾಗ ಅದರ ನಾಲ್ಕು ಮೂಲೆಯ ಗುರುತನ್ನು ನೆಲದ ಮೇಲೆ ಗೂಟ ಹೊಡೆದು ಉಳಿಸಿಕೊಳ್ಳಿ. ಬರೀ ಗೆರೆ ಎಳೆದರೆ ಮಳೆಗೆ ತೊಳೆದುಹೋಗುತ್ತದೆ.